ಹೃದಯ ಶಬ್ದದ ಅರ್ಥವಿಚಾರ

ದೇವಾಲಯಕ್ಕೆ ಬರುವ ಆಸ್ತಿಕರ ಕಿವಿಗೆ ಪದೇ ಪದೇ ಬೀಳುವ ಶಬ್ದಗಳಲ್ಲಿ 'ಹೃದಯ' ಎಂಬುದೊಂದು. ಜಪಕ್ಕೆ ಮೊದಲು ಅಂಗನ್ಯಾಸ ಮಾಡುವವರು 'ಹೃದಯಾಯ ನಮಃ' ಎಂದು ಎದೆಯನ್ನು ಮುಟ್ಟಿಕೊಳ್ಳುತ್ತಾರೆ. ಸೂರ್ಯೋಪಾಸಕರು ಆದಿತ್ಯಹೃದಯವನ್ನು ಪಠಿಸುತ್ತಾರೆ. ಪುರಾಣ ಹೇಳುವವರು ದೇವರನ್ನು ಹೃದಯದಲ್ಲಿ ನೆಲೆಗೊಳಿಸಿರೆಂದು ಬೋಧಿಸುತ್ತಾರೆ. ಎದೆನೋವೆಂದು ವೈದ್ಯರಲ್ಲಿಗೆ ಹೋದರೆ ಅಲ್ಲಿಯೂ ಹೃದಯದ ಮಾತೇ. ಈ ನಾಲ್ಕು ಕಡೆಯೂ ಶಬ್ದ ಒಂದೇ. ಅರ್ಥ ಮಾತ್ರ ಬೇರೆ ಬೇರೆ. ದೇವರಿಗೆ ಒಪ್ಪಿಸಬೇಕಾದ ಹೃದಯ ಯಾವುದೆಂದು ತಿಳಿಯಬೇಕಾದರೆ ಈ ಭೇದವನ್ನು ಅರಿಯುವುದು ಅವಶ್ಯಕ.

ಅಮರಸಿಂಹನು ತನ್ನ ಕೋಶದಲ್ಲಿ ಈ ಶಬ್ದವನ್ನು ಎರಡು ಸ್ಥಳಗಳಲ್ಲಿ ಇರಿಸಿದ್ದಾನೆ. ಮನುಷ್ಯವರ್ಗದಲ್ಲಿ ಮಾಂಸ, ಮೇದಸ್ಸು ಮೊದಲಾದವುಗಳ ನಡುವೆ ಅದು ದೇಹದ ಒಂದು ಭಾಗ. ಕಾಲವರ್ಗದಲ್ಲಾದರೋ ಮನಸ್ಸು, ಮಾನಸ, ಚಿತ್ತ, ಚೇತಸ್ಸು, ಸ್ವಾಂತ, ಹೃತ್ ಎಂಬ ಶಬ್ದಗಳೊಡನೆ ಕೂಡಿ ಅದು ಮನಸ್ಸಿನ ಪರ್ಯಾಯ. ನಿಮಿಷಕ್ಕೆ ಸುಮಾರು 72 ಸಲ, ದಿನಕ್ಕೆ ಒಂದು ಲಕ್ಷ ಸಲ ಮಿಡಿಯುವ ಮಾಂಸಪಿಂಡಕ್ಕೂ, ನೆನೆದು ಮರುಗಿ ಹಿಗ್ಗುವ ಅಂತರಂಗಕ್ಕೂ ನಮ್ಮ ಹಿರಿಯರು ಒಂದೇ ಹೆಸರನ್ನು ಕೊಟ್ಟರು.

ಉಪನಿಷತ್ತುಗಳು ಈ ಹೆಸರನ್ನು ಬಿಡಿಸಿ ನೋಡಿವೆ. ಛಾಂದೋಗ್ಯದ ಎಂಟನೆಯ ಅಧ್ಯಾಯವು 'ಹೃದಿ ಅಯಂ', ಅಂದರೆ 'ಹೃದಯದಲ್ಲಿ ಈತನಿದ್ದಾನೆ' ಎಂದು ಶಬ್ದವನ್ನು ಒಡೆದು, ಆತ್ಮನ ನೆಲೆಯಾದುದರಿಂದಲೇ ಅದಕ್ಕೆ ಆ ಹೆಸರೆಂದು ತಿಳಿಸುತ್ತದೆ. ಬೃಹದಾರಣ್ಯಕದ ಐದನೆಯ ಅಧ್ಯಾಯವು ಹೃ, ದ, ಯಂ ಎಂಬ ಮೂರು ಅಕ್ಷರಗಳಿಗೆ ಕ್ರಮವಾಗಿ ತರುವುದು, ಕೊಡುವುದು, ಹೋಗುವುದು ಎಂಬ ಅರ್ಥಗಳನ್ನು ಹೇಳುತ್ತದೆ. ಇದು ರಕ್ತಸಂಚಾರದ ವರ್ಣನೆಯೆಂದು ಕೆಲವರು ಸಂಭ್ರಮಿಸುವುದುಂಟು. ಮೂಲದಲ್ಲಿರುವುದು ಉಪಾಸನೆಯ ಫಲ: ಹೀಗೆ ತಿಳಿದವನಿಗೆ ತನ್ನವರೂ ಪರರೂ ಕಾಣಿಕೆ ತರುತ್ತಾರೆ, ಕೊಡುತ್ತಾರೆ, ಅವನು ಸ್ವರ್ಗವನ್ನು ಸೇರುತ್ತಾನೆ. ಅಲ್ಲಿ ಹೃದಯವೆಂದರೆ ಹೃದಯದಲ್ಲಿ ನೆಲೆಸಿದ ಬುದ್ಧಿಯೆಂದು ಶಂಕರ ಭಗವತ್ಪಾದರು ಭಾಷ್ಯದಲ್ಲಿ ಸ್ಪಷ್ಟಪಡಿಸಿದ್ದಾರೆ. ದೇಹದಲ್ಲಿ ರಕ್ತವು ಸುತ್ತುವ ಬಗೆಯನ್ನು ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದನು. ಎರಡೂ ತಮ್ಮ ತಮ್ಮ ನೆಲೆಯಲ್ಲಿ ಸತ್ಯ. ಬೆರೆಸುವುದರಿಂದ ಎರಡಕ್ಕೂ ಗೌರವವಿಲ್ಲ.

ಸಾರ, ರಹಸ್ಯ ಎಂಬುದು ಇನ್ನೊಂದು ಅರ್ಥ. ಯುದ್ಧಕಾಂಡದಲ್ಲಿ ಅಗಸ್ತ್ಯರು ಶ್ರೀರಾಮನಿಗೆ ಉಪದೇಶಿಸಿದ ಆದಿತ್ಯಹೃದಯದಲ್ಲಿಯೂ, ಎಂಟು ಅಂಗಗಳ ಆಯುರ್ವೇದದ ಸಾರವಾದ ವಾಗ್ಭಟನ ಅಷ್ಟಾಂಗಹೃದಯದಲ್ಲಿಯೂ ಈ ಅರ್ಥವೇ ಇದೆ.

ಇನ್ನು ಅಚ್ಚಗನ್ನಡಕ್ಕೆ ಬರೋಣ. ಸಂಸ್ಕೃತವು ಒಂದು ಶಬ್ದದಲ್ಲಿ ಅಡಗಿಸಿದುದನ್ನು ಕನ್ನಡವು ಹಲವು ಶಬ್ದಗಳಿಗೆ ಹಂಚಿಕೊಟ್ಟಿದೆ. ಧೈರ್ಯಕ್ಕೆ 'ಎದೆ': ಎದೆಗಾರಿಕೆ, ಎದೆಗುಂದು, ಎಂಟೆದೆಯ ಬಂಟ. ಗಟ್ಟಿತನಕ್ಕೆ 'ಗುಂಡಿಗೆ', ತೆಲುಗರ 'ಗುಂಡೆ' ಇದರ ಒಡಹುಟ್ಟು. ಆಲೋಚನೆಗೆ ಹಳಗನ್ನಡದ 'ಬಗೆ'. ಮಮತೆಗೆ 'ಕರುಳು': ಹೆತ್ತ ಕರುಳು, ಕರುಳಬಳ್ಳಿ. 'ಅಂತಃಕರಣ'ದ ಕಥೆ ಇನ್ನೂ ಸ್ವಾರಸ್ಯವಾದುದು. ವೇದಾಂತದಲ್ಲಿ ಅದು ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ಎಂಬ ನಾಲ್ಕರ ಸಮುದಾಯ. ಕನ್ನಡಿಗರ ಬಾಯಲ್ಲಿ ಅದು ದಯೆಯಾಗಿ ನಿಂತಿತು. 'ಅಂತಃಕರಣವುಳ್ಳ ಮನುಷ್ಯ' ಎಂದರೆ ಪರರ ಕಷ್ಟಕ್ಕೆ ಮರುಗುವವನೆಂದೇ ಅರ್ಥ.

ಹೊಸೂರು, ದೆಂಕಣಿಕೋಟೆ, ತಳಿ, ಕೃಷ್ಣಗಿರಿಗಳ ಜನರಿಗೆ ಇನ್ನೊಂದು ಸೌಭಾಗ್ಯವುಂಟು. ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು ಭಾಷೆ ಆಡುವ ಇವರಿಗೆ ತಮಿಳಿನ ಭಂಡಾರವೂ ತೆರೆದಿದೆ. ತಮಿಳಿನ 'ಉಳ್ಳಂ' ನಮ್ಮ 'ಒಳಗು' ಎಂಬುದರ ಬಳಗಕ್ಕೇ ಸೇರಿದುದು. 'ನೆಂಜು' ಎದೆಯೂ ಹೌದು, ಮನಸ್ಸೂ ಹೌದು. ದಯೆಯಿಲ್ಲದವನನ್ನು ಅವರು 'ನೆಂಜಿಲ್ ಈರಂ ಇಲ್ಲಾದವನ್' ಎನ್ನುತ್ತಾರೆ, ಎದೆಯಲ್ಲಿ ತೇವವಿಲ್ಲದವನು. ಮಳೆಯನ್ನು ನೆಚ್ಚಿ ರಾಗಿ ಬಿತ್ತುವ ರೈತನಿಗೆ ತೇವದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು 'ಹೆತ್ತ ಕರುಳು' ಎಂದಲ್ಲಿ ಅವರದು 'ಪೆಟ್ರ ವಯಿರು', ತೆಲುಗರದು 'ಕನ್ನ ಕಡುಪು'. ಮೂವರೂ ತಾಯಿಯ ಮಮತೆಯನ್ನು ಒಡಲಿನಲ್ಲಿಯೇ ಕಂಡರು. ನಾವು 'ಬಾಯಿಪಾಠ' ಎನ್ನುವುದು ತಮಿಳಿನಲ್ಲಿ 'ಮನಪ್ಪಾಡಂ'. ಸ್ತೋತ್ರ ಕಲಿಯುವ ಮಕ್ಕಳಿಗೆ ಈ ಎರಡು ಮಾತುಗಳೂ ಬೇಕು. ಬಾಯಿಗೆ ಬಂದುದು ಮನಸ್ಸಿಗೆ ಇಳಿಯದಿದ್ದರೆ ಪಾಠ ಅರ್ಧವೇ ಆದಂತೆ.

ಹೃದಯವು ಇನ್ನೊಬ್ಬರ ಕಡೆಗೆ ತಿರುಗಿದಾಗ ಹುಟ್ಟಿದ ಶಬ್ದಗಳೂ ಇವೆ. ಒಳ್ಳೆಯ ಹೃದಯವುಳ್ಳವನು ಸುಹೃತ್, ಅಂದರೆ ಮಿತ್ರ. ಅವನ ಭಾವವೇ ಸೌಹಾರ್ದ. ಗರ್ಭಿಣಿಯಲ್ಲಿ ನಾಲ್ಕನೆಯ ತಿಂಗಳಿಗೆ ಶಿಶುವಿನ ಹೃದಯ ವ್ಯಕ್ತವಾಗುವುದರಿಂದ ಅವಳು ಎರಡು ಹೃದಯವುಳ್ಳ 'ದೌಹೃದಿನಿ'ಯೆಂದು ಸುಶ್ರುತಸಂಹಿತೆ ಹೇಳುತ್ತದೆ. ಅವಳ ಬಯಕೆಯನ್ನು ತೀರಿಸಬೇಕೆಂಬ ನಮ್ಮ ಮನೆಗಳ ಪದ್ಧತಿಗೂ ಈ ಮಾತಿಗೂ ಹೊಂದಿಕೆಯಿದೆ. ತನ್ನೊಳಗೆ ಇನ್ನೊಂದು ಜೀವದ ಮಿಡಿತಕ್ಕೆ ಎಡೆಗೊಡುವುದೇ ಹೃದಯದ ಹಿರಿಮೆ.

ಭಗವದ್ಗೀತೆಯನ್ನು ನೋಡಿದರೆ ಇವೆಲ್ಲದರ ಮರ್ಮ ತಿಳಿಯುತ್ತದೆ. ಎರಡನೆಯ ಅಧ್ಯಾಯದ ಆರಂಭದಲ್ಲಿ ಭಗವಂತನು ಕ್ಷುದ್ರವಾದ ಹೃದಯದೌರ್ಬಲ್ಯವನ್ನು ಬಿಡೆಂದು ಅರ್ಜುನನಿಗೆ ಹೇಳುತ್ತಾನೆ. ಹದಿನೆಂಟನೆಯ ಅಧ್ಯಾಯದಲ್ಲಿ ಈಶ್ವರನು ಸರ್ವಪ್ರಾಣಿಗಳ ಹೃದಯದಲ್ಲಿಯೇ ಇದ್ದಾನೆಂದು ತಿಳಿಸುತ್ತಾನೆ. ದೌರ್ಬಲ್ಯವಿರುವುದೂ ಅಲ್ಲಿಯೇ, ದೇವರಿರುವುದೂ ಅಲ್ಲಿಯೇ. ಆದುದರಿಂದ ಹೃದಯಕ್ಕೂ ಜೀರ್ಣೋದ್ಧಾರ ಬೇಕು.

ತಮಿಳುನಾಡಿನ ಅರವತ್ತುಮೂವರು ನಾಯನ್ಮಾರರಲ್ಲಿ ಒಬ್ಬರಾದ ಪೂಸಲಾರರ ಚರಿತ್ರೆ ಇದಕ್ಕೆ ನಿದರ್ಶನ. ಹನ್ನೆರಡನೆಯ ಶತಮಾನದ ಸೇಕ್ಕಿಳಾರರು ಪೆರಿಯಪುರಾಣದಲ್ಲಿ ಇದನ್ನು ಹೇಳಿದ್ದಾರೆ. ತಿರುನಿನ್ರವೂರಿನ ಪೂಸಲಾರರಿಗೆ ಶಿವಾಲಯ ಕಟ್ಟುವ ಆಸೆ, ಕೈಯಲ್ಲಿ ದ್ರವ್ಯವಿಲ್ಲ. ಅವರು ಮನಸ್ಸಿನಲ್ಲಿಯೇ ಸಾಮಗ್ರಿ ಕೂಡಿಸಿ, ಶಿಲ್ಪಿಗಳನ್ನು ಕರೆದು, ತಳಪಾಯದಿಂದ ಶಿಖರದವರೆಗೆ ಒಂದೊಂದಾಗಿ ಕಟ್ಟಿ ಪ್ರತಿಷ್ಠೆಗೆ ದಿನವನ್ನು ಗೊತ್ತುಮಾಡಿದರು. ಕಂಚಿಯ ಪಲ್ಲವ ಅರಸನು ತಾನು ಕಟ್ಟಿಸಿದ ಕಲ್ಲಿನ ಗುಡಿಗೂ ಅದೇ ದಿನವನ್ನು ನಿಶ್ಚಯಿಸಿದ್ದನು. ಶಿವನು ಅವನ ಕನಸಿನಲ್ಲಿ ಬಂದು, ನಾಳೆ ಪೂಸಲಾರನ ಆಲಯಕ್ಕೆ ಹೋಗಬೇಕಾಗಿದೆ, ನಿನ್ನ ಪ್ರತಿಷ್ಠೆಯನ್ನು ಬೇರೊಂದು ದಿನ ಇಟ್ಟುಕೋ ಎಂದನು. ಆ ಆಲಯವನ್ನು ಹುಡುಕಿಕೊಂಡು ಬಂದ ಅರಸನು ವಿಷಯ ತಿಳಿದು ಭಕ್ತನಿಗೆ ಅಡ್ಡಬಿದ್ದನು. ಆ ಊರಿನಲ್ಲಿ ಇಂದಿಗೂ ಹೃದಯಾಲೀಶ್ವರನೆಂಬ ಹೆಸರಿನಲ್ಲಿ ಶಿವನಿಗೆ ಪೂಜೆ ಸಲ್ಲುತ್ತಿದೆ.

ಈ ಕಥೆಯಿಂದ ಕಲ್ಲಿನ ಗುಡಿ ವ್ಯರ್ಥವೆಂದು ತಿಳಿಯಬಾರದು. ಶಿವನು ಅರಸನ ಗುಡಿಯನ್ನು ನಿರಾಕರಿಸಲಿಲ್ಲ, ದಿನವನ್ನು ಮಾತ್ರ ಮುಂದಕ್ಕೆ ಹಾಕಿದನು. ಒಳಗಿನ ಗುಡಿಗೆ ಮೊದಲ ಸ್ಥಾನ, ಹೊರಗಿನದಕ್ಕೆ ಅನಂತರದ ಸ್ಥಾನ ಎಂಬುದೇ ಅದರ ತಾತ್ಪರ್ಯ. ಗೋಪುರದ ಬಿರುಕನ್ನು ಮುಚ್ಚಿದ ಕೈಗಳು ನೆರೆಹೊರೆಯವರ ನಡುವಣ ಬಿರುಕನ್ನೂ ಮುಚ್ಚಬೇಕು. ಎದೆ ಎನ್ನಲಿ, ನೆಂಜು ಎನ್ನಲಿ, ಗುಂಡೆ ಎನ್ನಲಿ, ಅಲ್ಲಿ ತೇವವಿದ್ದರೆ ಅದೇ ಗರ್ಭಗೃಹ.