ಚಿಂತೆ, ಚಿತೆ ಮತ್ತು ಕೈಯೊಳಗಿನ ಯಂತ್ರ

ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸವೆಂದು ಹಿರಿಯರು ಹೇಳುತ್ತಾರೆ. ಚಿತೆ ಸತ್ತವರನ್ನು ಸುಡುತ್ತದೆ. ಚಿಂತೆ ಬದುಕಿರುವವರನ್ನು ಸುಡುತ್ತದೆ. ಅನುಸ್ವಾರದ ಪಾಠ ಮಾಡುವಾಗ ಈ ಮಾತನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಅದರ ಅರ್ಥ ನನಗೇ ತಿಳಿದದ್ದು ಮಾತ್ರ ತಡವಾಗಿ.

ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತು ಒಳ್ಳೆಯ ಅಂಕ ಪಡೆದ ವಿದ್ಯಾರ್ಥಿಯೊಬ್ಬನು ದೂರದ ಕಾಲೇಜಿಗೆ ಸೇರಿದನು. ಅಲ್ಲಿ ತರಗತಿಯಲ್ಲಿ ಇಂಗ್ಲಿಷು, ಹಾಸ್ಟೆಲಿನಲ್ಲಿ ಮಲಯಾಳ. ಎರಡು ತಿಂಗಳು ಕಳೆದ ಮೇಲೆ ಒಂದು ಸಂಜೆ ಫೋನ್ ಮಾಡಿ, “ನಿದ್ದೆ ಬರುವುದಿಲ್ಲ ಸರ್, ಯಾಕೋ ಬೇಜಾರು” ಎಂದನು. “ಮನಸ್ಸಿಟ್ಟು ಓದು, ಎಲ್ಲ ಸರಿಹೋಗುತ್ತದೆ” ಎಂದು ಹೇಳಿ ನಾನು ಫೋನ್ ಇಟ್ಟೆ. ರಜೆಗೆ ಊರಿಗೆ ಬಂದವನು ಮತ್ತೆ ಆ ಕಾಲೇಜಿಗೆ ಹೋಗಲಿಲ್ಲ. ಚಿಕಿತ್ಸೆ ಪಡೆದು, ಮರುವರ್ಷ ಬೇರೆ ಕಡೆ ಸೇರಿ, ಈಗ ಚೆನ್ನಾಗಿದ್ದಾನೆ. ಆ ದಿನಗಳಲ್ಲಿ ಮೊಬೈಲಿನ ಒಂದು ಆಪ್‌ನೊಡನೆ ಮಾತಾಡುತ್ತಿದ್ದೆನೆಂದು ಅವನು ಆಮೇಲೆ ಹೇಳಿದನು. “ರಾತ್ರಿ ಎರಡು ಗಂಟೆಗೆ ಕೇಳುವವರು ಬೇರೆ ಯಾರಿದ್ದರು ಸರ್?” ಈ ಪ್ರಶ್ನೆಯೇ ನನ್ನಿಂದ ಈ ಲೇಖನವನ್ನು ಬರೆಯಿಸಿದೆ.

ಇಂತಹ ಆಪ್‌ಗಳು ಮಾಡುವ ಕೆಲಸ ಮುಖ್ಯವಾಗಿ ಮೂರು ಬಗೆಯದು. ಮೊದಲನೆಯದು, ದಿನದಿನದ ಮನಸ್ಥಿತಿಯನ್ನೂ ನಿದ್ದೆಯನ್ನೂ ಬರೆದಿಡುವುದು. ಎರಡನೆಯದು, ಉಸಿರಾಟವೇ ಮೊದಲಾದ ಅಭ್ಯಾಸಗಳನ್ನು ಮಾಡಿಸುವುದು. ಮೂರನೆಯದು, ಪ್ರಶ್ನೋತ್ತರದ ಮೂಲಕ ಯೋಚನೆಯನ್ನು ತಿದ್ದಿಕೊಳ್ಳಲು ನೆರವಾಗುವುದು. ಇದಕ್ಕೆ ಆಧಾರವಾದ ಚಿಕಿತ್ಸಾ ಕ್ರಮವನ್ನು ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದರು. ಒಂದು ಉದಾಹರಣೆ ನೋಡೋಣ.

ನಡೆದದ್ದು: ಸೆಮಿನಾರಿನಲ್ಲಿ ಒಂದು ಇಂಗ್ಲಿಷ್ ಶಬ್ದ ತಪ್ಪಿತು, ಇಬ್ಬರು ನಕ್ಕರು.
ಹೊಳೆದ ಯೋಚನೆ: ನಾನು ಯಾವುದಕ್ಕೂ ಬಾರದವನು.
ಅದಕ್ಕೆ ಆಧಾರ: ಆ ಒಂದು ಶಬ್ದ.
ಅದಕ್ಕೆ ವಿರುದ್ಧ: ಉಳಿದ ಹತ್ತು ನಿಮಿಷ ಎಲ್ಲರೂ ಕೇಳಿದರು, ಅಧ್ಯಾಪಕರು ವಿಷಯವನ್ನು ಮೆಚ್ಚಿದರು.
ತಿದ್ದಿದ ಯೋಚನೆ: ಒಂದು ಶಬ್ದ ತಪ್ಪಿತು, ಅದನ್ನು ಕಲಿಯಬಹುದು.

ಮಕ್ಕಳೇ, ಇದನ್ನು ಮಾಡಲು ಆಪ್ ಬೇಕೆಂದಿಲ್ಲ, ನೋಟ್‌ಬುಕ್ಕೂ ಸಾಕು. ಆದರೆ ನೋಟ್‌ಬುಕ್ಕು ತಾನಾಗಿ ಪ್ರಶ್ನೆ ಕೇಳುವುದಿಲ್ಲ, ಆಪ್ ಕೇಳುತ್ತದೆ. ಅದರ ಉಪಯೋಗ ಅಲ್ಲಿಯೇ ಇದೆ.

ಯಂತ್ರದೊಡನೆ ಮನಸ್ಸು ಬಿಚ್ಚಿ ಮಾತಾಡುವುದು ಹೊಸತಲ್ಲ. 1966ರಲ್ಲಿ ಅಮೆರಿಕದ ಜೋಸೆಫ್ ವೈಜನ್‌ಬಾಮ್ ಅವರು ‘ಎಲೈಜಾ’ ಎಂಬ ಕಂಪ್ಯೂಟರ್ ಕಾರ್ಯಕ್ರಮವನ್ನು ಪ್ರಕಟಿಸಿದರು. ಅದು ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುತ್ತಿತ್ತು, ಅಷ್ಟೆ. ಜನ ಅದರೊಡನೆ ಆಪ್ತವಾಗಿ ಮಾತಾಡುವುದನ್ನು ಕಂಡು ಅವರೇ ಕಳವಳಗೊಂಡರು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 18ರಿಂದ 28 ವರ್ಷದ 70 ಮಂದಿ ಭಾಗವಹಿಸಿದ್ದರು. ‘ವೋಬಾಟ್’ ಎಂಬ ಆಪ್ ಬಳಸಿದವರಲ್ಲಿ ಎರಡು ವಾರಗಳಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆಯಾದುವು. ಫಲ ಒಳ್ಳೆಯದೇ, ಆದರೆ ಎರಡು ವಾರ ಚಿಕ್ಕ ಅವಧಿ. ಅದೇ ಆಪ್ 2025ರ ಜೂನ್ 30ರಂದು ನಿಂತುಹೋಯಿತು. ಊರುಗೋಲು ಒಳ್ಳೆಯದು, ಆದರೆ ಅದು ನಮ್ಮ ಕಾಲಲ್ಲ.

ಇನ್ನೊಂದು ಎಚ್ಚರ ಗುಟ್ಟಿನ ವಿಷಯದಲ್ಲಿ ಬೇಕು. ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಬೇರೆ ಕಂಪೆನಿಗಳಿಗೆ ಕೊಟ್ಟಿತೆಂಬ ಆರೋಪದ ಮೇಲೆ ‘ಬೆಟರ್‌ಹೆಲ್ಪ್’ ಎಂಬ ಸಂಸ್ಥೆಯು 78 ಲಕ್ಷ ಡಾಲರ್ ತೆರಬೇಕೆಂದು 2023ರಲ್ಲಿ ಅಮೆರಿಕದ ವ್ಯಾಪಾರ ಆಯೋಗವು ಆಜ್ಞೆ ಮಾಡಿತು. ಹೆಸರು, ಊರು, ಫೋನಿನ ಸಂಪರ್ಕಪಟ್ಟಿ ಇವನ್ನೆಲ್ಲ ಕೇಳುವ ಆಪ್‌ಗೆ ‘ಯಾಕೆ ಬೇಕು?’ ಎಂದು ಯೋಚಿಸದೆ ಒಪ್ಪಿಗೆ ಕೊಡಬಾರದು.

ಕನ್ನಡದ ಮೇಷ್ಟರಾಗಿ ನನಗೆ ಕಾಣುವ ತೊಡಕು ಬೇರೊಂದಿದೆ. ನಾವು ‘ಬೇಜಾರು’ ಎಂಬ ಒಂದೇ ಮಾತಿನಲ್ಲಿ ದುಃಖ, ದಣಿವು, ಒಂಟಿತನ, ಅವಮಾನ ಎಲ್ಲವನ್ನೂ ತುಂಬುತ್ತೇವೆ. ಇಂಗ್ಲಿಷ್ ಆಪ್ ನಾಲ್ಕು ಶಬ್ದ ಮುಂದಿಟ್ಟು ಒಂದನ್ನು ಆರಿಸು ಎಂದರೆ ಹುಡುಗ ಏನು ಮಾಡಬೇಕು? ನೋವನ್ನು ಹೇಳಲು ತಾಯ್ನುಡಿಯೇ ಬೇಕು. ಕೇಳುವವರು ಎದುರಿಗಿರಬೇಕು, ‘ಎಂಥ ಬೇಜಾರು ಮಗಾ?’ ಎಂದು ಕೆದಕಬೇಕು. ನಾನು ಆ ಸಂಜೆ ಕೇಳದೆ ಬಿಟ್ಟ ಪ್ರಶ್ನೆ ಇದೇ.

ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಸೇವೆಯನ್ನು ಆರಂಭಿಸಿತು. 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೂ ಮಾತಾಡಬಹುದು. 2024ರಲ್ಲಿ ಇದರ ಆಪ್ ಕೂಡ ಬಂದಿದೆ. ಊಟ, ನಿದ್ದೆ ಎರಡು ವಾರ ಕೆಟ್ಟರೆ, ಕಲಿಕೆ ನಿಂತುಹೋದರೆ, ವೈದ್ಯರನ್ನು ಕಾಣಬೇಕು. ಬದುಕು ಬೇಡವೆಂಬ ಯೋಚನೆ ಬಂದರೆ ಒಂದು ಗಳಿಗೆಯೂ ಆಪ್‌ನೊಡನೆ ಕಳೆಯದೆ ಹತ್ತಿರದವರನ್ನು ಎಬ್ಬಿಸಬೇಕು, ಆ ಸಂಖ್ಯೆಗೆ ಕರೆಮಾಡಬೇಕು.

ಈ ವರ್ಷ ಶಾಲೆ ಬಿಟ್ಟು ಹೋಗುವ ಮಕ್ಕಳೇ, 14416ನ್ನು ಬರೆದಿಟ್ಟುಕೊಳ್ಳಿರಿ. ಅದರ ಕೆಳಗೆ ನಿಮ್ಮ ಮೇಷ್ಟರ ಸಂಖ್ಯೆಯೂ ಇರಲಿ. ರಾತ್ರಿ ಎರಡು ಗಂಟೆಯಾದರೂ ಚಿಂತೆಯಿಲ್ಲ. ಈ ಸಲ ನಾನು ಫೋನ್ ಇಡುವುದಿಲ್ಲ.