ವ್ರತಕ್ಕೆ ಗುರುಸಾಕ್ಷಿ ಏಕೆ?

ರಾತ್ರಿಭೋಜನತ್ಯಾಗವನ್ನು ಮನಸ್ಸಿನಲ್ಲಿಯೇ ಸಂಕಲ್ಪಿಸಿದವನು ಮದುವೆಮನೆಯ ಮೊದಲ ಒತ್ತಾಯಕ್ಕೇ ಸಡಿಲಗೊಳ್ಳುವುದುಂಟು. ಅದನ್ನೇ ಗುರುಗಳ ಸಮ್ಮುಖದಲ್ಲಿ ಸ್ವೀಕರಿಸಿದವನಿಗೆ ಎರಡು ಬಗೆಯ ನೆರವು ದೊರೆಯುತ್ತದೆ.

ಮೊದಲನೆಯದು, ಶಕ್ತಿಗೆ ತಕ್ಕ ಅಳತೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಗಳ ತ್ಯಾಗವನ್ನು ಎರಡಾಗಿ ವಿಂಗಡಿಸಿದ್ದಾರೆ: ಕಾಲಮಿತಿಯುಳ್ಳದ್ದು ನಿಯಮ, ಜೀವನಪರ್ಯಂತದ್ದು ಯಮ. ಉತ್ಸಾಹದ ಭರದಲ್ಲಿ ಯಮವನ್ನು ಬೇಡುವವನ ವಯಸ್ಸು, ಆರೋಗ್ಯ, ಉದ್ಯೋಗಗಳನ್ನು ವಿಚಾರಿಸಿ, ವಿವೇಕಿಗಳಾದ ಗುರುಗಳು ಒಂದು ಚಾತುರ್ಮಾಸದ ನಿಯಮವನ್ನಷ್ಟೇ ಕೊಡಬಹುದು. ಅದು ನೆಲೆಗೊಂಡ ಮೇಲೆ ಮುಂದಿನ ಹೆಜ್ಜೆ. ಶ್ರಾವಕನ 11 ಪ್ರತಿಮೆಗಳೂ ಹೀಗೆ ಒಂದೊಂದಾಗಿ ಏರತಕ್ಕ ಮೆಟ್ಟಿಲುಗಳೇ.

ಎರಡನೆಯದು, ತಪ್ಪಿದಾಗ ಆಸರೆ. ತತ್ತ್ವಾರ್ಥಸೂತ್ರವು ಹೇಳುವ 9 ಬಗೆಯ ಪ್ರಾಯಶ್ಚಿತ್ತಗಳಲ್ಲಿ ಆಲೋಚನೆಯೇ ಮೊದಲನೆಯದು. ಎಂದರೆ, ದೋಷವನ್ನು ಮರೆಮಾಚದೆ ಗುರುಗಳಿಗೆ ನಿವೇದಿಸುವುದು. ಕನಿಕರ ಹುಟ್ಟಿಸಿ ಹೇಳುವುದು, ಇತರರು ಕಂಡ ತಪ್ಪನ್ನು ಮಾತ್ರ ಒಪ್ಪುವುದು, ಸಣ್ಣದೆಂದು ಬಿಟ್ಟುಬಿಡುವುದು ಇವು ಆಲೋಚನೆಯ 10 ದೋಷಗಳಲ್ಲಿ ಸೇರಿವೆ. ರೋಗವನ್ನು ಮುಚ್ಚಿಟ್ಟವನಿಗೆ ವೈದ್ಯನು ಮದ್ದು ಕೊಡಲಾರನಷ್ಟೆ.

ಗುರುಗಳು ದಾರಿ ತೋರಬಲ್ಲರು, ನಡೆಯಬೇಕಾದವರು ನಾವೇ. ಆದುದರಿಂದ ನಿಯಮ ಮುರಿಯಿತೆಂದು ನಾಚಿ ಬಸದಿಯ ಬಾಗಿಲಿನಿಂದ ದೂರವಾಗಬೇಡಿರಿ. ಗುರುಸನ್ನಿಧಿಯು ಹೆಚ್ಚು ಬೇಕಾಗುವುದು ಆ ದಿನವೇ.