ಸಿಗ್ನಲ್ ಇಲ್ಲದ ಊರಿನ ಡೇಟಾಬೇಸ್

ಹಾಲಿನ ಡೈರಿಗಳಲ್ಲಿ ಬೆಳಿಗ್ಗೆ ಸಂಜೆ ಲೀಟರು, ಫ್ಯಾಟ್, ಎಸ್‌ಎನ್‌ಎಫ್ ಬರೆದುಕೊಳ್ಳುವ ಆ್ಯಪ್ ಒಂದರ ಡೇಟಾಬೇಸ್ ಕೆಲಸ ನನ್ನ ಪಾಲಿಗೆ ಬಂತು. ಸರ್ವರ್ ಪಳಗಿಸಿದ್ದೇನೆ, ಫೋನಿನ ಎಸ್‌ಕ್ಯೂಲೈಟ್ ಯಾವ ಲೆಕ್ಕ ಎಂಬ ಧೈರ್ಯವಿತ್ತು. ಆ ಧೈರ್ಯಕ್ಕೆ ಬಿದ್ದ ಪೆಟ್ಟುಗಳಲ್ಲಿ ಕೆಲವು ಇಲ್ಲಿವೆ.

1. ಸಾವಿರ ಸಾಲಿಗೂ ಒಂದೇ ಟ್ರಾನ್ಸಾಕ್ಷನ್ ಸಾಕು.
ಸದಸ್ಯರ ಪಟ್ಟಿ ಇಳಿಸಿಕೊಳ್ಳುವಾಗ ಫೋನು ಮಂಕು ಬಡಿದಂತೆ ನಿಲ್ಲುತ್ತಿತ್ತು. ನಾನು ನೆಟ್‌ವರ್ಕ್‌ಗೆ ಬೈದೆ. ತಪ್ಪು ನನ್ನದೇ. ಬಿಗಿನ್ ಹೇಳದಿದ್ದರೆ ಎಸ್‌ಕ್ಯೂಲೈಟ್ ಪ್ರತಿ ಇನ್ಸರ್ಟನ್ನೂ ಬೇರೆ ಟ್ರಾನ್ಸಾಕ್ಷನ್ ಎಂದೇ ಎಣಿಸಿ, ಒಂದೊಂದೂ ಸ್ಟೋರೇಜ್ ಮುಟ್ಟುವವರೆಗೆ ಕಾಯುತ್ತದೆ. ಎಲ್ಲವನ್ನೂ ಒಂದರೊಳಗೆ ಹಾಕಿದ್ದೇ ತಡ, ಪಟ್ಟಿ ಸರಾಗವಾಗಿ ಇಳಿಯಿತು.

2. ಮಾದರಿ ಕೋಡಿನ ಕಾಮೆಂಟನ್ನೂ ಓದಿ.
ಟೇಬಲ್‌ಗೆ ಒಂದು ಕಾಲಂ ಸೇರಿಸಬೇಕಿತ್ತು. ಆಂಡ್ರಾಯ್ಡ್ ಕೈಪಿಡಿಯ ಆನ್‌ಅಪ್‌ಗ್ರೇಡ್ ಮಾದರಿಯನ್ನು ಎತ್ತಿ ಅಂಟಿಸಿದೆ. ಅದು ಹಳೆಯ ಟೇಬಲ್ ಕಿತ್ತೆಸೆದು ಹೊಸದು ಕಟ್ಟುತ್ತದೆ. ಇದು ಆನ್‌ಲೈನ್ ಡೇಟಾದ ಕ್ಯಾಶ್ ಮಾತ್ರ, ಆದ್ದರಿಂದ ಎಸೆದರೂ ಆದೀತು ಎಂದು ಅಲ್ಲೇ ಕಾಮೆಂಟಿನಲ್ಲಿ ಬರೆದಿತ್ತು. ನಮ್ಮದು ಕ್ಯಾಶ್ ಆಗಿರಲಿಲ್ಲ. ಸರ್ವರ್‌ಗೆ ಇನ್ನೂ ಹೋಗದ ಹಾಲಿನ ಲೆಕ್ಕ ಫೋನಿನಲ್ಲಷ್ಟೇ ಇತ್ತು. ಸಂಘದ ಕಾರ್ಯದರ್ಶಿ ಪೇಟೆಗೆ ಬಂದಾಗ ಸಿಂಕ್‌ಗಿಂತ ಮೊದಲು ಆ್ಯಪ್ ಅಪ್‌ಡೇಟ್ ಆಯಿತು, ಲೆಕ್ಕ ಹೋಯಿತು. ಆ್ಯಪ್ ಬಂದರೂ ಅವರು ಕೈಬರಹದ ಪುಸ್ತಕ ಬಿಟ್ಟಿರಲಿಲ್ಲ. ನನ್ನ ಮೇಲಿನ ಆ ಅಪನಂಬಿಕೆಯೇ ನನ್ನನ್ನು ಉಳಿಸಿತು. ಈಗ ಪ್ರತಿ ಹಳೆಯ ಆವೃತ್ತಿಯ ಡೇಟಾಬೇಸ್ ಫೈಲನ್ನು ಎತ್ತಿಟ್ಟುಕೊಂಡು, ಅದರ ಮೇಲೆ ಮೈಗ್ರೇಷನ್ ಓಡಿಸಿ ನೋಡುತ್ತೇನೆ. ವರ್ಷಗಟ್ಟಲೆ ಅಪ್‌ಡೇಟ್ ಮಾಡದವರು ಒಮ್ಮೆಲೇ ಕೊನೆಯ ಆವೃತ್ತಿಗೆ ಜಿಗಿಯುತ್ತಾರೆ.

3. ಕ್ರಮಸಂಖ್ಯೆ ಕೊಡುವ ಹಕ್ಕು ಫೋನಿಗಿಲ್ಲ.
ಎರಡು ಫೋನುಗಳಿದ್ದರೆ ಎರಡೂ ತಮ್ಮ ಮೊದಲ ನಮೂದಿಗೆ 1 ಎಂದೇ ಕೊಡುತ್ತವೆ. ಸರ್ವರ್‌ನಲ್ಲಿ ಒಂದರ ಮೇಲೆ ಇನ್ನೊಂದು ಕೂತಿತು. ಯುಯುಐಡಿ ಹಾಕಿದೆ, ಅಷ್ಟೇ.

4. ಕಣ್ಣಿಗೆ ಒಂದೇ, ಬೈಟಿಗೆ ಬೇರೆ.
‘ಸೋಮಣ್ಣ’ ಎಂದು ಹುಡುಕಿದರೆ ಸೋಮಣ್ಣ ಸಿಗಲಿಲ್ಲ, ಪಟ್ಟಿಯಲ್ಲಿ ಕಣ್ಣೆದುರೇ ಇದ್ದರೂ. ಕ್ವೆರಿ, ಇಂಡೆಕ್ಸ್, ಕೊನೆಗೆ ಬಳಕೆದಾರರ ಬೆರಳನ್ನೂ ಅನುಮಾನಿಸಿದೆ. ಹೆಸರನ್ನು ಹೆಕ್ಸ್‌ನಲ್ಲಿ ಬಿಡಿಸಿ ನೋಡಿದಾಗ ಗುಟ್ಟು ಹೊರಬಿತ್ತು. ಕೀಬೋರ್ಡಿನಿಂದ ಬಂದ ‘ಸೋ’ದಲ್ಲಿ ಓತ್ವಕ್ಕೆ ಒಂದೇ ಯೂನಿಕೋಡ್ ಸಂಕೇತ. ಹಳೆಯ ಫಾಂಟಿನ ಕಡತದಿಂದ ಪರಿವರ್ತಿಸಿದ ಹೆಸರಿನಲ್ಲಿ ಎತ್ವ, ಕೊಂಬಿನಿಳಿ, ದೀರ್ಘ ಎಂದು ಮೂರು ತುಂಡು. ತೆರೆಯ ಮೇಲೆ ವ್ಯತ್ಯಾಸವೇ ಕಾಣದು. ಎಸ್‌ಕ್ಯೂಲೈಟ್ ತಾನಾಗಿ ಇವೆರಡನ್ನೂ ಒಂದೆಂದು ಎಣಿಸುವುದಿಲ್ಲ. ಈಗ ಉಳಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ ರೂಪಕ್ಕೆ ತರುತ್ತೇನೆ. ಕಾಣದೆ ಕೂತಿರುವ ಝಡ್‌ಡಬ್ಲ್ಯೂಜೆಯಂಥವನ್ನು ಹುಡುಕಾಟದ ಕಾಲಂನಿಂದ ಕಳಚುತ್ತೇನೆ. ಅಲ್ಲಿಯವರೆಗೆ ನಾನು ಟೆಸ್ಟ್ ಮಾಡುತ್ತಿದ್ದದ್ದೆಲ್ಲ ಇಂಗ್ಲಿಷ್ ಹೆಸರುಗಳಲ್ಲಿ. ಕನ್ನಡ ಆ್ಯಪ್‌ಗೆ!

5. ಫೋಟೊ ಟೇಬಲ್‌ನೊಳಗೆ ಬೇಡ.
ರಸೀದಿಯ ಚಿತ್ರವನ್ನು ಬ್ಲಾಬ್ ಆಗಿ ತುಂಬಿದೆ. ಬರೆಯುವಾಗ ತಕರಾರಿಲ್ಲ, ಓದುವಾಗ ಆ್ಯಪ್ ಕುಸಿಯಿತು. ಆಂಡ್ರಾಯ್ಡ್‌ನ ಕರ್ಸರ್‌ವಿಂಡೋ ಸಾಮಾನ್ಯವಾಗಿ 2 ಎಂಬಿ, ಅದಕ್ಕಿಂತ ದೊಡ್ಡ ಸಾಲು ಅದರಲ್ಲಿ ಹಿಡಿಸದು. ಈಗ ಚಿತ್ರ ಫೈಲಾಗಿ ಹೊರಗೆ, ಅದರ ವಿಳಾಸವಷ್ಟೇ ಒಳಗೆ.

6. ಬರೀ ಫೈಲ್ ಕಾಪಿ ಮಾಡಿದರೆ ಬ್ಯಾಕಪ್ ಆಗದು.
ಎಸ್‌ಕ್ಯೂಲೈಟ್‌ಗೆ 2010ರಲ್ಲಿ ಬಂದ ವಾಲ್ ಪದ್ಧತಿಯಲ್ಲಿ ಹೊಸ ನಮೂದುಗಳು ಮೊದಲು ಪಕ್ಕದ ಇನ್ನೊಂದು ಫೈಲಿಗೆ ಹೋಗುತ್ತವೆ. ನಾನು ಮುಖ್ಯ ಫೈಲನ್ನಷ್ಟೇ ಕಾಪಿ ಮಾಡಿದ್ದೆ. ತೆರೆದರೆ ಸಂಜೆಯ ಹಾಲೇ ಇಲ್ಲ. ಪೂರ್ತಿ ಪ್ರತಿ ತೆಗೆಯಲು ವ್ಯಾಕ್ಯೂಮ್ ಇಂಟೂ ಆದೇಶ ಸೊಗಸಾಗಿದೆ, ಆದರೆ ಅದು ಬಂದದ್ದು 2019ರಲ್ಲಿ, 3.27.0 ಆವೃತ್ತಿಯಲ್ಲಿ. ಹಳೆಯ ಫೋನುಗಳಲ್ಲಿರುವ ಎಸ್‌ಕ್ಯೂಲೈಟ್ ಅದಕ್ಕಿಂತ ಹಿಂದಿನದು. ಅಲ್ಲಿ ಚೆಕ್‌ಪಾಯಿಂಟ್ ಮಾಡಿಸಿ, ಕನೆಕ್ಷನ್ ಮುಚ್ಚಿ, ಆಮೇಲೆ ಕಾಪಿ ಮಾಡುತ್ತೇನೆ.